ಒಣ ಜಳಕ

ಜೀವಮಾನವಿಡೀ ನಾನು ಸಂಬಳ ಪಡೆದದ್ದು ಜನರಿಗೆ ಉಸಿರು ಬಿಡುವುದನ್ನು ಕಲಿಸಿದ್ದಕ್ಕೆ. ಎಳೆದುಕೊಳ್ಳುವುದನ್ನಲ್ಲ, ಬಿಡುವುದನ್ನು. ಹೀಗೆಂದರೆ ಜಮಖಂಡಿಯ ನಮ್ಮ ಓಣಿಯಲ್ಲಿ ಇವತ್ತಿಗೂ ನಗುತ್ತಾರೆ. ನಮ್ಮ ಕಾಕಾ ಅಂತೂ ನನ್ನನ್ನು ನೋಡಲು ಬಂದವರ ಮುಂದೆ, "ಹುಡುಗಿ ದವಾಖಾನಿಯೊಳಗ ಮುದುಕರ ಬೆನ್ನ ಬಡೀತಾಳ್ರಿ" ಎಂದು ಹೇಳಿ, ಕೂಡಿಬರುತ್ತಿದ್ದ ಸಂಬಂಧವನ್ನೇ ಕೆಡಿಸಿದ್ದ. ಪೂಜೆ-ಪುನಸ್ಕಾರದ ಮನೆತನದವನು. ಫಿಸಿಯೋಥೆರಪಿ ಎಂಬುದನ್ನು ಅದಕ್ಕಿಂತ ಚೆನ್ನಾಗಿ ಬಿಡಿಸಿ ಹೇಳಲು ಅವನಿಂದಾದರೂ ಹೇಗಾಗಬೇಕು?

ಈಗ ನಿವೃತ್ತಿಯಾಗಿದೆ. ಹೊಸದಾಗಿ ಈ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಆಗಾಗ ಮನೆಗೆ ಬಂದು, ಚಹಾ ಕುಡಿದು, "ಮೇಡಂ, ಏನಾದ್ರೂ ಹೇಳ್ರಿ" ಎನ್ನುತ್ತಾರೆ. ಪುಸ್ತಕದಲ್ಲಿರುವುದನ್ನು ನೀವು ನನಗಿಂತ ಚೆನ್ನಾಗಿ ಓದಿದ್ದೀರಿ. ಅದನ್ನು ನಾನು ಹೇಳುವುದಿಲ್ಲ. ಪುಸ್ತಕದಲ್ಲಿ ಬಚ್ಚಲ ಮನೆ ಇಲ್ಲ. ಅದನ್ನು ಹೇಳುತ್ತೇನೆ.

ಮೊದಲು ನಮ್ಮ ಕಡೆಯ ಎದೆಗಳ ಬಗ್ಗೆ ಎರಡು ಮಾತು. ರಬಕವಿ-ಬನಹಟ್ಟಿಯವರು ಹತ್ತಿಯ ಧೂಳು ಕುಡಿದವರು. ಮಹಾಲಿಂಗಪುರದ ಸುತ್ತ ಬೆಲ್ಲ ಕಾಯಿಸುವವರು ಒಲೆಯ ಹೊಗೆ ಕುಡಿದವರು. ಬೀಳಗಿ ಕಡೆಯ ಹೆಣ್ಣುಮಕ್ಕಳು ಅಡುಗೆಮನೆಯಲ್ಲಿ ಕೂತೇ ಅದನ್ನು ಕುಡಿದವರು. ಇನ್ನು ಬೀಡಿಯ ಮಾತು ಬೇಡ, ಅದು ಜಾತಿ ಊರು ನೋಡುವುದಿಲ್ಲ. ಇಂಥವರ ಶ್ವಾಸಕೋಶದೊಳಗೆ ಗಾಳಿ ಹೋಗುತ್ತದೆ, ಹೊರಗೆ ಬರಲು ಮಾತ್ರ ಒಲ್ಲೆ ಎನ್ನುತ್ತದೆ. ಮುಧೋಳ ಬಸ್ಸಿನಲ್ಲಿ ಇಳಿಯುವವರು ಇಳಿಯುವ ಮೊದಲೇ ಹತ್ತುವವರು ನುಗ್ಗಿದರೆ ಏನಾಗುತ್ತದೋ ಅದೇ ಎದೆಯೊಳಗೂ ಆಗುತ್ತದೆ. ಹಾಗಾಗಿ ನಮ್ಮ ಮೊದಲ ಪಾಠ, ಬಿಸಿ ಚಹಾ ಆರಿಸುವ ಹಾಗೆ ತುಟಿ ಸಣ್ಣ ಮಾಡಿ ನಿಧಾನ ಊದುತ್ತ ಹಳೆಯ ಗಾಳಿಯನ್ನು ಇಳಿಸುವುದು. ಎರಡನೆಯದು, ದಮ್ಮು ಹತ್ತುತ್ತದೆಂದು ಹೆದರಿ ಕೂತವರನ್ನು ಎಬ್ಬಿಸಿ ನಡೆಸುವುದು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎನ್ನುತ್ತಾರಲ್ಲ, ಕೂತೇ ಇರುವವನಿಗೆ ಉಸಿರೂ ಸಾಲುವುದಿಲ್ಲ.

ನಾನು ಸೇರಿದಾಗ ಇದನ್ನು ಯಾರೂ ನಂಬುತ್ತಿರಲಿಲ್ಲ. ನಮ್ಮ ದೊಡ್ಡ ಡಾಕ್ಟರು, ಎದೆರೋಗದ ತಜ್ಞರು, ಕೈಗುಣ ಒಳ್ಳೆಯದು, ಬಾಯಿ ಮಾತ್ರ ಮೆಣಸಿನಕಾಯಿ. ದಮ್ಮಿನ ರೋಗಿಗೆ ಔಷಧ ಬರೆದು, "ಆರಾಮ ಮಲ್ಕೋರಿ" ಎಂದು ಕಳಿಸುವುದು ಆಗಿನ ರೂಢಿ. ನಾನು ಒಬ್ಬರನ್ನು ವರಾಂಡದಲ್ಲಿ ನಡೆಸುತ್ತಿದ್ದಾಗ ಅವರು ನೋಡಿದರು. "ಏನವಾ, ಇವರು ಎತ್ತೇನು ಹೊಡಕೊಂಡು ಹೊಂಟಿಯಲ್ಲ?" ಎಂದು ಗದರಿದರು. ನನಗೂ ಸಿಟ್ಟು ಮೂಗಿನ ತುದಿಯಲ್ಲೇ. "ಎತ್ತಾದ್ರ ನಿಮ್ಮ ಕಡೆ ಯಾಕ ಬರ್ತಿದ್ರು ಸರ್, ದನದ ದವಾಖಾನಿಗೆ ಹೋಗ್ತಿದ್ರು" ಎಂದೆ. ಆ ವಾರ ಅವರು ನನ್ನೊಡನೆ ಮಾತಾಡಲಿಲ್ಲ. ಮುಂದಿನ ವಾರ ತಾವೇ ಇಬ್ಬರು ರೋಗಿಗಳನ್ನು ಕಳಿಸಿ, "ಇವರನ್ನೂ ಹೊಡಕೊಂಡು ಹೋಗು" ಎಂದರು.

ನಡೆಯಿರಿ ಎಂದು ಹೇಳುವುದು ಸುಲಭ. ನಮ್ಮ ಕಡೆ ದೊಡ್ಡ ಮನುಷ್ಯ ಬರಿಗೈಲಿ ಸುಮ್ಮನೆ ರಸ್ತೆಯಲ್ಲಿ ಓಡಾಡಿದರೆ ಜನ ಏನೆನ್ನುತ್ತಾರೆ? ಕೆಲಸವಿಲ್ಲದವನು ಎನ್ನುತ್ತಾರೆ, ಇಲ್ಲವೇ ತಲೆ ಕೆಟ್ಟಿದೆ ಎನ್ನುತ್ತಾರೆ. ಮುಧೋಳದ ಯಲ್ಲಪ್ಪಜ್ಜ ಇದೇ ಮಾನಕ್ಕೆ ಅಂಜಿ ಹೊಸ್ತಿಲು ದಾಟುತ್ತಿರಲಿಲ್ಲ. ಬೇಟೆನಾಯಿ ಸಾಕಿ ಹೆಸರು ಮಾಡಿದ ಮನೆ ಅವರದು. "ಹಂಗಾದ್ರ ನಾಯಿ ಹಿಡಕೊಂಡ ಅಡ್ಡಾಡ್ರಿ" ಎಂದೆ. ಅವರು ಅಭಿಮಾನಕ್ಕೆ ಬಿದ್ದು ಎಲ್ಲಕ್ಕಿಂತ ಚುರುಕಾದ ನಾಯಿಯನ್ನೇ ಹಿಡಿದು ಹೊರಟರಂತೆ. ನಾಯಿ ಒಂದು ಜಗ್ಗು ಜಗ್ಗಿತು, ಅಜ್ಜ ಕಬ್ಬಿನ ಗಾಡಿಯ ಪಕ್ಕ ಕುಸಿದು ಕೂತರು. ಮುಂದಿನ ಸಲ ನಾನೇ ಹೋಗಿ ಆ ಮನೆಯ ನಾಯಿಗಳಲ್ಲಿ ಎಲ್ಲಕ್ಕಿಂತ ಮುದಿಯನ್ನು, ಹಲ್ಲು ಉದುರಿ ಬಿಸಿಲಲ್ಲಿ ಬಿದ್ದಿದ್ದ ಒಂದು ಹೆಣ್ಣುನಾಯಿಯನ್ನು ಆರಿಸಿ ಕೊಟ್ಟೆ. ಇಬ್ಬರಿಗೂ ಒಂದೇ ವೇಗ. ದಮ್ಮು ಹತ್ತಿದರೆ ಇಬ್ಬರೂ ನಿಂತು ತೇಕುತ್ತಿದ್ದರು. ಕೇಳಿದವರಿಗೆ ಅಜ್ಜ, "ನಾಯಿಗಿ ದಮ್ ಐತಿ, ಅದಕ ನಿಂತೇನಿ" ಎನ್ನುತ್ತಿದ್ದರು. ಈ ಉಪಾಯ ನನ್ನ ಕೈಗೆ ಸಿಕ್ಕಮೇಲೆ ಯಾರಿಗೂ ಬರಿದೇ ನಡೆಯಿರಿ ಎಂದು ಹೇಳಲಿಲ್ಲ. ಒಬ್ಬರ ಕೈಗೆ ತರಕಾರಿ ಚೀಲ, ಒಬ್ಬರ ಕೈಗೆ ಹಾಲಿನ ಕ್ಯಾನು.

ಅನಗವಾಡಿಯ ಒಬ್ಬರು ಯಂತ್ರದಲ್ಲಿಟ್ಟು ಬಾಯಿಯಿಂದ ಎಳೆಯಬೇಕಾದ ಪುಡಿಯ ಗುಳಿಗೆಯನ್ನು ದಿನಾ ಮಜ್ಜಿಗೆಯೊಡನೆ ನುಂಗಿ, "ಹೊಟ್ಟಿ ಭಾಳ ಹಗರಾಗೇತ್ರಿ" ಎಂದು ನನಗೆ ವರದಿ ಒಪ್ಪಿಸಿದ್ದೂ ಉಂಟು. ನಕ್ಕು ಬಿಡಬೇಡಿ. ಔಷಧ ಕೊಟ್ಟವರು ತೋರಿಸದಿದ್ದರೆ ಅವರಾದರೂ ಏನು ಮಾಡಬೇಕು? ನೀವು ಮಾತ್ರ ನಿಮ್ಮ ಕಣ್ಣೆದುರು ಒಮ್ಮೆ ಎಳೆಸಿ ನೋಡದೆ ಯಾರನ್ನೂ ಮನೆಗೆ ಕಳಿಸಬೇಡಿ.

ಇನ್ನು ಬನಹಟ್ಟಿಗೆ ಬರುತ್ತೇನೆ. ನಿಜ ಹೇಳಬೇಕೆಂದರೆ ಕೂತು ಬರೆಯಲು ಶುರು ಮಾಡಿದ್ದೇ ಅಲ್ಲಿಯ ಇಬ್ಬರಿಗಾಗಿ.

ನನ್ನ ಕೆಲಸದ ಕೊನೆಯ ವರ್ಷಗಳಲ್ಲಿ ವಾರಕ್ಕೆ ಒಂದು ದಿನ ಬನಹಟ್ಟಿಯ ಒಂದು ಬಾಡಿಗೆ ಹಾಲ್‌ನಲ್ಲಿ ನಮ್ಮ ತರಗತಿ ನಡೆಯುತ್ತಿತ್ತು. ನಾಲ್ಕೂ ದಿಕ್ಕಿಗೆ ಪಾವರ್‌ಲೂಮಿನ ಖಟಖಟ. ಅಲ್ಲಿಗೆ ಮಲ್ಲಪ್ಪಣ್ಣ ಎಂಬ ಹಿರಿಯ ನೇಕಾರರು ಬರತೊಡಗಿದರು. ಜೊತೆಗೆ ಅವರ ಹೆಂಡತಿ ಕಸ್ತೂರಕ್ಕ. ಮದುವೆಯಾದಂದಿನಿಂದ ಇಬ್ಬರೂ ಒಂದೇ ಮಗ್ಗದ ಶೆಡ್ಡಿನಲ್ಲಿ ದುಡಿದವರು. ಆ ಶೆಡ್ಡು ಅವರಿಗೆ ಕೊಟ್ಟ ಬಹುಮಾನವನ್ನು ಇಬ್ಬರೂ ಹಂಚಿಕೊಂಡಿದ್ದರು. ಧೂಳು ಗಂಡನ ಎದೆಗೆ, ಸದ್ದು ಹೆಂಡತಿಯ ಕಿವಿಗೆ. ಮಲ್ಲಪ್ಪಣ್ಣನಿಗೆ ಎರಡು ಮಾತಾಡಿದರೆ ಮೂರನೆಯದಕ್ಕೆ ಉಸಿರಿಲ್ಲ. ಕಸ್ತೂರಕ್ಕನಿಗೆ ಪಕ್ಕದಲ್ಲಿ ಪಟಾಕಿ ಸಿಡಿದರೂ ಕೇಳುವುದಿಲ್ಲ.

ಬಂದ ಮೊದಲ ದಿನ ನಾನು ಎಲ್ಲರಿಗೂ ಕೇಳುವ ಪ್ರಶ್ನೆಯನ್ನು ಕೇಳಿದೆ. "ನಿಮಗ ಏನ್ ಮಾಡಾಕ ಬರಬೇಕಂತ ಆಸೆ ಐತ್ರಿ?" ಸಾಮಾನ್ಯವಾಗಿ ಗುಡಿಗೆ ಹೋಗಬೇಕು, ಹೊಲಕ್ಕೆ ಹೋಗಬೇಕು, ಮೊಮ್ಮಗಳ ಮದುವೆಯಲ್ಲಿ ನಿಲ್ಲಬೇಕು ಎನ್ನುತ್ತಾರೆ. ಮಲ್ಲಪ್ಪಣ್ಣ ನೆಲ ನೋಡಿದರು.

"ನನ್ನ ಜಳಕಾ… ನಾನ ಮಾಡ್ಕೋಬೇಕ್ರಿ" ಎಂದರು.

ಎಷ್ಟೋ ವರ್ಷಗಳಿಂದ ಅವರಿಗೆ ಸ್ನಾನ ಮಾಡಿಸುತ್ತಿದ್ದವರು ಕಸ್ತೂರಕ್ಕ. ನಾನು ಅದನ್ನು ಬರೀ ಒಬ್ಬ ಗಂಡಸಿನ ನಾಚಿಕೆ ಎಂದುಕೊಂಡೆ. ಅದರ ಹಿಂದೆ ಇನ್ನೊಂದಿದೆ ಎಂದು ತಿಳಿಯಲು ಕೆಲವು ವಾರ ಬೇಕಾಯಿತು.

ತರಗತಿಯಲ್ಲಿ ಅವರದೊಂದು ವಿಚಿತ್ರ. ತೋಳಿನ ವ್ಯಾಯಾಮ ಚೆನ್ನಾಗಿಯೇ ಶುರು ಮಾಡಿ, ನಡುವೆ ಥಟ್ಟನೆ ನಿಲ್ಲಿಸಿ ಕೂತುಬಿಡುತ್ತಿದ್ದರು. ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ನೋಡಿದರೆ ಎಲ್ಲ ಸರಿಯಾಗಿಯೇ ಇದೆ. ಯಾಕೆ ಕೂತಿರಿ ಎಂದರೆ ನನ್ನ ಹಿಂದಕ್ಕೆ ಕಣ್ಣು ಹೊರಳಿಸುತ್ತಿದ್ದರು. ಒಂದು ದಿನ ಅವರ ಕಣ್ಣು ಹೋದ ಕಡೆ ನಾನೂ ತಿರುಗಿದೆ. ಗೋಡೆಗೆ ಆತು ಕೂತಿದ್ದ ಕಸ್ತೂರಕ್ಕ ಸದ್ದಿಲ್ಲದೆ ತುಟಿ ಆಡಿಸುತ್ತಿದ್ದರು. ಮಗ್ಗದ ಸದ್ದಿನಲ್ಲಿ ಕೂಗಿದರೆ ಕೇಳುವುದಿಲ್ಲವೆಂದು ನೇಕಾರರು ಒಬ್ಬರ ತುಟಿ ಒಬ್ಬರು ಓದಿಯೇ ಮಾತಾಡುತ್ತಾರೆ. ಲಾಳಿ ಸಿಕ್ಕಿಕೊಂಡಿತು, ನೂಲು ಹರಿಯಿತು, ಚಹಾ ಬಂತು, ನಿಮ್ಮಕ್ಕ ಬಂದಾಳ, ಎಲ್ಲ ಆ ತುದಿಯಿಂದ ಈ ತುದಿಗೆ ತುಟಿಯಲ್ಲೇ. ಇವರಿಬ್ಬರು ಮನೆಯಲ್ಲಿ, ಕರೆಂಟು ಹೋಗಿ ಊರೆಲ್ಲ ನಿಶ್ಶಬ್ದವಾದಾಗಲೂ ಹೀಗೇ ಮಾತಾಡುವವರು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ, ಇವರ ಜಗಳ ಪಕ್ಕದಲ್ಲಿ ಉಣ್ಣುವವರಿಗೂ ಗೊತ್ತಾಗುತ್ತಿರಲಿಲ್ಲ.

ಅಂದರೆ ನನ್ನ ತರಗತಿಯಲ್ಲಿ ನಾನು "ಇನ್ನ ಸ್ವಲ್ಪ ಮಾಡ್ರಿ" ಎನ್ನುತ್ತಿದ್ದರೆ, ಹಿಂದಿನಿಂದ ಇನ್ನೊಬ್ಬ ಮೇಡಂ "ಸಾಕು, ಕುಂಡ್ರ್ರಿ" ಎನ್ನುತ್ತಿದ್ದರು. ಗಂಡನಿಗೆ ಸ್ವಲ್ಪ ಏದುಸಿರು ಬಂದರೂ ಆಕೆಯ ಜೀವ ಹಾರುತ್ತಿತ್ತು. ಕಾಪಿ ಹೊಡೆಯುವ ಹುಡುಗರಿಗೆ ಮಾಡುವಂತೆ ಆಕೆಯ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿದೆ. ಆಕೆ ಹಾಲ್ ನಡುಗುವಂತೆ, "ನಮ್ಮ ಮನಿಯವರನ್ನ ನೋಡಾಕೂ ನಿಮ್ಮ ಪರ್ಮಿಷನ್ ಬೇಕೇನ್ರಿ?" ಎಂದರು. ಎಲ್ಲ ಮುದುಕರೂ ನಕ್ಕರು. ನಗುವಾಗ ಉಸಿರು ಚೆನ್ನಾಗಿ ಹೊರಬರುತ್ತದೆ, ಆದ್ದರಿಂದ ನಾನೂ ಬೇಡ ಎನ್ನಲಿಲ್ಲ.

ಆದರೆ ಕುರ್ಚಿ ಮತ್ತೆ ಇತ್ತ ತಿರುಗಿತು. ತಿರುಗಿದ್ದಷ್ಟೇ ಅಲ್ಲ, ವಾರ ವಾರಕ್ಕೂ ಮುಂದೆ ಬರತೊಡಗಿತು. ಗೋಡೆ ಬಿಟ್ಟು ಹಾಲ್ ನಡುವೆ, ಆಮೇಲೆ ಗಂಡನಿಂದ ಮಾರುದ್ದಕ್ಕೆ, ಕೊನೆಗೆ ಮೊಣಕಾಲಿಗೆ ಮೊಣಕಾಲು ತಾಗುವಷ್ಟು. ಹಟಮಾರಿ ಹೆಂಗಸು ಎಂದು ನನಗೆ ರೇಗಿತು. ನಾನು ಕುರ್ಚಿ ಹಿಂದಕ್ಕೆ ಎಳೆಯಲು ಹೋದಾಗ ಮಲ್ಲಪ್ಪಣ್ಣ ನನ್ನ ಕೈ ಹಿಡಿದರು.

"ಇರ್ಲಿ ಬಿಡ್ರಿ ಅಕ್ಕಾರ… ಆಕೀಗಿ ಕಾಣವಲ್ದ್ರಿ."

ಎರಡೂ ಕಣ್ಣಿಗೆ ಪೊರೆ. ಬಲಗಣ್ಣು ಬೆಳ್ಳಗಾಗಿಯೇ ಹೋಗಿತ್ತು, ಎಡಗಣ್ಣು ಅದರ ದಾರಿಯಲ್ಲಿತ್ತು. ಅಷ್ಟು ವಾರ ಎದುರಿಗೇ ಕೂತ ಆಕೆಯ ಮುಖವನ್ನು ನಾನು ಗದರಲಿಕ್ಕೆ ಬಿಟ್ಟು ಬೇರೆ ಯಾವುದಕ್ಕೂ ನೋಡಿರಲಿಲ್ಲ. ಮಲ್ಲಪ್ಪಣ್ಣ ನಿಂತು ನಿಂತು, ಉಸಿರು ಕೂಡಿಸಿಕೊಂಡು, ಉಳಿದದ್ದನ್ನು ಹೇಳಿದರು. ಕಣ್ಣಿನ ಶಿಬಿರದವರು ಗಾಡಿ ತಂದಿದ್ದರು. ಕಸ್ತೂರಕ್ಕ ಹತ್ತಿ ಕೂತವರು, ಆಪರೇಶನ್ ಆದಮೇಲೆ ಬಹಳ ದಿನ ಬಗ್ಗಬಾರದು, ಭಾರ ಎತ್ತಬಾರದು, ಕಣ್ಣಿಗೆ ನೀರು ಸಿಡಿಯಬಾರದು ಎಂದು ಅಲ್ಲಿಯವರು ಹೇಳಿದ್ದೇ ತಡ, ಇಳಿದು ಮನೆಗೆ ಬಂದಿದ್ದರು. ಗಂಡನ ಜಳಕ ಯಾರು ಮಾಡಿಸಬೇಕು?

"ಮಗಾ ಅದಾನಲ್ಲರಿ" ಎಂದೆ. ಮಗ ಈರಣ್ಣ ಒಳ್ಳೆಯ ಹುಡುಗ, ಮನೆಯ ಮುಂಭಾಗದಲ್ಲೇ ಮಗ್ಗ ನಡೆಸುತ್ತಿದ್ದ. ನಾನು ಮಾಡಿಸುತ್ತೇನೆಂದು ಅವನೂ ಎಷ್ಟೋ ಸಲ ಹೇಳಿದ್ದನಂತೆ.

ಮಲ್ಲಪ್ಪಣ್ಣ ತಲೆ ಅಲ್ಲಾಡಿಸಿದರು. "ಮಗನ ಕೈಲೆ ಜಳಕಾ… ಸತ್ತ ಮ್ಯಾಲ ಒಮ್ಮಿ ಇದ್ದ ಐತ್ರಿ. ಈಗ ಯಾಕ?"

ನಮ್ಮ ಜನರ ಮನಸ್ಸು ಬಲ್ಲವರಿಗೆ ಗೊತ್ತು, ಇಂಥ ಮಾತಿನ ಎದುರು ವಾದ ನಡೆಯುವುದಿಲ್ಲ. ಅವರೇ ಮುಂದುವರಿಸಿದರು: "ಆಕೀಗಿ ಕೇಳಸೂದಿಲ್ಲ, ನನಗ ಒದರಾಕ ಆಗೂದಿಲ್ಲ. ಕಣ್ಣೂ ಹೋದರ… ನಾವು ಹ್ಯಾಂಗ ಮಾತಾಡೋದ್ರಿ?"

ನನ್ನ ಕಣ್ಣಲ್ಲಿ ನೀರು ಬಂತು, ಮುಚ್ಚಿಡಲೂ ಹೋಗಲಿಲ್ಲ. ಒಬ್ಬ ಮನುಷ್ಯ ತನ್ನ ಹೆಂಡತಿಯೊಡನೆ ಇನ್ನು ಮುಂದೆ ಮಾತಾಡುತ್ತಾನೋ ಇಲ್ಲವೋ ಎಂಬುದು ಅವನು ಮೈಮೇಲೆ ನೀರು ಹೊಯ್ಯುವ ಚರಿಗೆ ಎತ್ತುವುದರ ಮೇಲೆ ನಿಂತಿತ್ತು. ಮಗ್ಗುಲಲ್ಲಿ ಕೂತ ಕಸ್ತೂರಕ್ಕ ನಮ್ಮಿಬ್ಬರ ಮುಖವನ್ನೂ ಕಣ್ಣು ಕಿರಿದು ಮಾಡಿ ನೋಡುತ್ತ, "ಏನಂತ್ರಿ? ಏನಂತ?" ಎಂದು ಕೇಳುತ್ತಿದ್ದರು.

ದಮ್ಮಿನವರಿಗೆ ಜಳಕದಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ. ಬಗ್ಗಿ ನೀರು ತುಂಬಬೇಕು, ಕೈ ತಲೆಯ ಮೇಲೆ ಎತ್ತಬೇಕು, ಉಗಿ ಬೇರೆ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ತಲೆಯ ಮೇಲೆ ನೀರು ಬೀಳುವಾಗ ನಾವೆಲ್ಲ ತಿಳಿಯದೆಯೇ ಉಸಿರು ಹಿಡಿಯುತ್ತೇವೆ. ನಿಮ್ಮ ನಾಳಿನ ಸ್ನಾನದಲ್ಲಿ ನೋಡಿಕೊಳ್ಳಿ. ಗಟ್ಟಿ ಎದೆಯವರಿಗೆ ಅದು ಲೆಕ್ಕಕ್ಕಿಲ್ಲ. ಮಲ್ಲಪ್ಪಣ್ಣನಂಥವರಿಗೆ ಒಂದು ಚರಿಗೆ ನೀರಿಗೆ ಉಸಿರು ಹಿಡಿದರೆ ಎರಡನೆಯ ಚರಿಗೆ ಎತ್ತುವ ಶಕ್ತಿ ಇರುವುದಿಲ್ಲ.

ಮುಂದಿನ ವಾರದಿಂದ ತರಗತಿಗೆ ಎಲ್ಲರೂ ಮನೆಯಿಂದ ಖಾಲಿ ಚರಿಗೆ ತರಬೇಕೆಂದು ಅಪ್ಪಣೆ ಮಾಡಿದೆ. ಸ್ಟೂಲಿನ ಮೇಲೆ ಕೂಡಿಸಿ, ಬಟ್ಟೆ ತೊಟ್ಟುಕೊಂಡೇ, ನೀರಿಲ್ಲದ ಜಳಕ ಮಾಡಿಸತೊಡಗಿದೆ. ಕೈ ಮೇಲಕ್ಕೆತ್ತುವ ಬದಲು ತಲೆಯನ್ನೇ ಚರಿಗೆಯ ಕಡೆ ತನ್ನಿ. ಮೊದಲು ಕಾಲು, ಆಮೇಲೆ ಮೈ, ತಲೆ ಕೊನೆಗೆ. ಒರೆಸಿಕೊಳ್ಳುತ್ತ ದಣಿಯಬೇಡಿ, ದೊಡ್ಡದೊಂದು ಒಣ ಧೋತರ ಸುತ್ತಿಕೊಂಡು ಸುಮ್ಮನೆ ಕೂಡಿ, ಅದೇ ನೀರು ಕುಡಿಯುತ್ತದೆ. ಉಸಿರು ಬಿಡಿಸುವ ಉಪಾಯ ನಾನು ಹುಡುಕಲೇ ಬೇಕಿರಲಿಲ್ಲ. ನಮ್ಮ ಹಿರಿಯರು ಮೈಮೇಲೆ ನೀರು ಹಾಕಿಕೊಳ್ಳುವಾಗ "ಹರ ಹರ" ಎನ್ನುತ್ತಾರಲ್ಲ! ಬಾಯಿಂದ ದೇವರ ಹೆಸರು ಹೊರಗೆ ಬರುತ್ತಿರುವಾಗ ಯಾರೂ ಉಸಿರು ಹಿಡಿಯಲಾರರು. "ಹರ್‌ರ್‌ರ ಅಂತ ಉದ್ದ ಎಳೀರಿ, ನೀರು ಬಿದ್ದು ಮುಗಿಯೋತನಕ ನಿಲ್ಲಿಸಬ್ಯಾಡ್ರಿ" ಎಂದು ಕಲಿಸಿದೆ. ಹಾಲ್ ತುಂಬ ಮುದುಕರು ಮುದುಕಿಯರು ಖಾಲಿ ಚರಿಗೆ ತಲೆಯ ಮೇಲೆ ಬಗ್ಗಿಸಿಕೊಂಡು ಹರ ಹರ ಎನ್ನುವುದನ್ನು ನೋಡಲು ಪಕ್ಕದ ಶೆಡ್ಡಿನವರು ಮಗ್ಗ ನಿಲ್ಲಿಸಿ ಬರುತ್ತಿದ್ದರು.

ದೊಡ್ಡ ಡಾಕ್ಟರು ಬಂದದ್ದೂ ಇಂಥದೇ ಹೊತ್ತಿಗೆ. ಬಾಗಿಲಲ್ಲಿ ನಿಂತು, "ಇದೇನವಾ, ನಾಟಕದ ತಾಲೀಮೋ?" ಎಂದರು. ಒಣ ಜಳಕ ಎಂದೆ. ಯಾಕೆಂದು ಹೇಳಿದ ಮೇಲೆ ಅವರು ಒಂದು ಚರಿಗೆ ಇಸಿದುಕೊಂಡು ತಲೆಯ ಮೇಲೆ ಬಗ್ಗಿಸಿಕೊಂಡು ನೋಡಿದರು. ನೀರಿಲ್ಲದ ಚರಿಗೆಗೂ ಅವರ ಕಣ್ಣು ಮುಚ್ಚಿತು, ಗಲ್ಲ ಉಬ್ಬಿತು. "ಏ ಖರೆ ಐತಲ್ಲ" ಎಂದು ನಕ್ಕರು. ಹೋಗುವಾಗ ಮಲ್ಲಪ್ಪಣ್ಣನಿಗೆ ಯಂತ್ರದಲ್ಲಿ ಊದಿಸಿ ನೋಡಿ, ನನ್ನನ್ನು ಬದಿಗೆ ಕರೆದು, "ಪುಪ್ಪುಸದೊಳಗ ಏನೂ ಫರಕ ಇಲ್ಲ ನೋಡು" ಎಂದರು. ಇದನ್ನು ನೀವೂ ತಿಳಿದಿರಿ. ಶ್ವಾಸಕೋಶ ಹೊಸದಾಗುವುದಿಲ್ಲ. ಯಂತ್ರ ತೋರಿಸುವ ಅಂಕಿ ಇದ್ದಲ್ಲೇ ಇರುತ್ತದೆ. ಇದ್ದ ಉಸಿರಲ್ಲಿ ಏನೇನು ಮಾಡಬಹುದು ಎಂಬುದಷ್ಟೇ ನಮ್ಮ ಕೆಲಸ, ಮತ್ತು ಅದು ಸಣ್ಣ ಕೆಲಸವಲ್ಲ.

ಒಣ ಜಳಕ ಕೈಗೆ ಹತ್ತಿದ ಮೇಲೆ ನಿಜವಾದ ಜಳಕಕ್ಕೆ ನಾನು ಅವರ ಮನೆಗೆ ಹೋದೆ. ಮಲ್ಲಪ್ಪಣ್ಣ ಬಚ್ಚಲಿಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಈರಣ್ಣ ಹೊರಗೆ ನಿಂತ. ಒಂದು "ಹರ" ಕೇಳಿತು, ಎರಡನೆಯದು ಅರ್ಧಕ್ಕೆ ನಿಂತಿತು, ಆಮೇಲೆ ಚರಿಗೆ ಬಿದ್ದ ಸದ್ದು. ಒಳಗೆ ನುಗ್ಗಿದರೆ ಹೊಗೆ. ಹಂಡೆಯ ಒಲೆ ಬಚ್ಚಲಲ್ಲೇ ಇತ್ತು, ಅದಕ್ಕೆ ಹತ್ತಿಯ ಕಸ ತುರುಕಿ ನೀರು ಕಾಯಿಸಿದ್ದರು. ಹೊರಗೆ ತಂದು ಕೂಡಿಸಿದಾಗ ಅವರ ತುಟಿ ನೀಲಿಗಟ್ಟಿತ್ತು. ಮುಂದಕ್ಕೆ ಬಾಗಿಸಿ, ಮೊಣಕಾಲ ಮೇಲೆ ಕೈ ಊರಿಸಿ, ಊದಿಸುತ್ತ ಊದಿಸುತ್ತ ಸಮಾಧಾನಕ್ಕೆ ತಂದೆ. ಕಸ್ತೂರಕ್ಕ ಗಂಡನ ಬೆನ್ನ ಮೇಲೆ ಸೆರಗು ಹೊದಿಸಿ ನನ್ನ ಕಡೆ ತಿರುಗಿದರು.

"ನಡೀರಿ ನಿಮ್ಮೂರಿಗೆ! ಕಣ್ಣ ಹೋದ್ರ ಹೋಗ್ಲಿ, ನನಗ ಇವರು ಇರಬೇಕು!"

ಬಸ್ಸಿನಲ್ಲಿ ಜಮಖಂಡಿಗೆ ಮರಳುವಾಗ ದಾರಿಯುದ್ದಕ್ಕೂ ನನಗೆ ಆಕೆಯ ಮೇಲೆ ಸಿಟ್ಟು ಬರಲಿಲ್ಲ. ಆಕೆ ಹೇಳಿದ್ದೇ ಸರಿ ಅನ್ನಿಸುತ್ತಿತ್ತು.

ಆದರೆ ಕರೆ ಬಂತು, ಮರುವಾರವೇ, ಈರಣ್ಣನದು. "ಅಪ್ಪ ನಿಮ್ಮನ್ನ ಕರ್ಕೊಂಡ ಬಾ ಅಂದಾನ್ರಿ. ಒಲಿ ಕಿತ್ತ ಅಂಗಳಕ್ಕ ತಂದೇನ್ರಿ." ಹೋದೆ. ನಿಜವಾಗಿಯೂ ಒಲೆ ಅಂಗಳಕ್ಕೆ ಬಂದಿತ್ತು. ಬಚ್ಚಲಿನ ಗೋಡೆಯಲ್ಲಿ ಎರಡು ಇಟ್ಟಿಗೆ ತೆಗೆದು ಗಾಳಿಗೆ ದಾರಿ ಮಾಡಿದ್ದ. ಸೊಸೆ ಹದವಾದ ನೀರನ್ನು ಬಕೆಟ್ಟಿಗೆ ತೋಡಿ ಒಳಗಿಟ್ಟು ಬಂದಳು. ಎಲ್ಲ ಸರಿ, ಕಸ್ತೂರಕ್ಕ ಮಾತ್ರ ಬಾಗಿಲಿಗೆ ಅಡ್ಡ ನಿಂತಿದ್ದರು. ನಾನು ಹತ್ತಿರ ಹೋಗಿ, ತುಟಿ ಬಿಡಿಸಿ ಬಿಡಿಸಿ, "ನಿಮಗ ಏನ್ ಅಂಜಿಕಿರಿ?" ಎಂದೆ.

"ಒಳಗ ಹೋದ್ರ ನನಗ ಕಾಣೂದಿಲ್ಲ, ಕೇಳೂದಿಲ್ಲ" ಎಂದರು ಆಕೆ. ಅವತ್ತು ಆಕೆಯ ದನಿ ದೊಡ್ಡದಾಗಿರಲಿಲ್ಲ. "ಒಳಗ ಇದ್ದಾರೋ ಇಲ್ಲೋ ನನಗ ಹ್ಯಾಂಗ ಗೊತ್ತಾಗಬೇಕ್ರಿ?"

ನಾನು ಹೇಳುತ್ತೇನೆ, ಈರಣ್ಣ ಹೇಳುತ್ತಾನೆ ಎಂದೆವು. ಆಕೆಗೆ ಬೇರೆಯವರ ಮಾತು ಬೇಡವಾಗಿತ್ತು. ಏನೋ ಹೊಳೆದವರಂತೆ ಗೋಡೆ ಹಿಡಿದುಕೊಂಡು ಬಚ್ಚಲಿನ ಹಿಂಬದಿಗೆ ನಡೆದರು. ಅಲ್ಲಿ ಬಚ್ಚಲ ನೀರು ಹೊರಗೆ ಬರುವ ಮೋರಿ. ಕಸ್ತೂರಕ್ಕ ಅದರ ಮಗ್ಗುಲಿಗೆ ಕೂತು, ಸೀರೆ ಮೇಲೆತ್ತಿ, ಎರಡೂ ಪಾದಗಳನ್ನು ಮೋರಿಯ ಬಾಯಿಗೆ ಇಟ್ಟರು. "ಹೋಗ್ರಿ ಅನ್ರಿ ಅವರಿಗೆ" ಎಂದರು.

ಮಲ್ಲಪ್ಪಣ್ಣ ಒಳಗೆ ಹೋದರು. ನಾನು ಆಕೆಯ ಪಕ್ಕ ಕುಕ್ಕರುಗಾಲಲ್ಲಿ ಕೂತೆ. ಗೋಡೆಯ ಕಿಂಡಿಯಿಂದ ಉದ್ದನೆಯ "ಹರ್‌ರ್‌ರ" ಕೇಳಿತು. ಸ್ವಲ್ಪ ಹೊತ್ತಿಗೆ ಮೋರಿಯಿಂದ ಬೆಚ್ಚಗಿನ ನೀರು ಬಂದು ಆಕೆಯ ಪಾದ ತೊಳೆಯಿತು. "ಬಂತು" ಎಂದರು. ಮತ್ತೆ ಸುಮ್ಮನಾಯಿತು. ದಣಿವಾರಿಸಿಕೊಂಡು ಮುಂದಿನ ಚರಿಗೆ ಎಂದು ನಾನೇ ಕಲಿಸಿದ್ದೆ, ಆದರೂ ಆ ನಡುವಿನ ಹೊತ್ತು ನನಗೆ ಸಹಿಸಲಾಗಲಿಲ್ಲ. ಆಕೆಯ ಕೈ ಬಂದು ನನ್ನ ಕೈ ಹಿಡಿಯಿತು. ಮತ್ತೆ ನೀರು ಬಂತು. ಆಮೇಲೆ ಸಾಬೂನಿನ ನೊರೆಯ ನೀರು ಬಂತು. ಬಂದಾಗಲೆಲ್ಲ ಆಕೆ "ಬಂತು, ಬಂತ್ರಿ" ಎನ್ನುತ್ತಿದ್ದರು, ಮನೆಗೆ ನೆಂಟರು ಬಂದಂತೆ. ಧೋತರ ಸುತ್ತಿಕೊಂಡು ಮಲ್ಲಪ್ಪಣ್ಣ ಹೊರಗೆ ಬಂದು ಕಟ್ಟೆಯ ಮೇಲೆ ಕೂತಾಗ ಉಸಿರು ಏರಿತ್ತು, ತುಟಿ ಮಾತ್ರ ಕೆಂಪಗೇ ಇತ್ತು. ಅಷ್ಟು ವರ್ಷಗಳಲ್ಲಿ ಮೊದಲ ಸಲ ಅವರು ತಾವೇ ಮಿಂದ ಮೈಯಲ್ಲಿ ಲಿಂಗಪೂಜೆಗೆ ಕೂತರು.

ಮುಂದಿನ ದಿನಗಳಲ್ಲಿ ಕಸ್ತೂರಕ್ಕ ದಿನಾ ಮೋರಿಯ ಹತ್ತಿರ ಕೂರುತ್ತಿದ್ದರಂತೆ. ಆಮೇಲೆ ಕೂತಲ್ಲೇ ಅಕ್ಕಿ ಆರಿಸತೊಡಗಿದರಂತೆ. ಆಮೇಲೆ ಒಂದು ದಿನ ಆರಿಸುತ್ತ ಕೂತವರು ಜಳಕ ಮುಗಿದದ್ದನ್ನು ಗಮನಿಸಲೇ ಇಲ್ಲವಂತೆ.

ಕಣ್ಣಿನವರ ಗಾಡಿ ಮತ್ತೆ ಬಂದಾಗ ಅವರು ಹತ್ತಿ ಕೂತು, ಇಳಿಯಲಿಲ್ಲ. ಗಾಡಿಯ ಕಿಟಕಿಗೆ ಮುಖವಿಟ್ಟು ಗಂಡನಿಗೆ ಏನೇನೋ ತುಟಿಯಲ್ಲಿ ಹೇಳುತ್ತಲೇ ಹೋದರು. ಎದುರಿನ ಮುಖ ಆಕೆಗೆ ಕಾಣದಿದ್ದರೂ ಮಲ್ಲಪ್ಪಣ್ಣ ನಿಂತಲ್ಲಿಂದ ಹೂಂ ಹೂಂ ಎಂದು ತಲೆ ಆಡಿಸಿದರು.

ಪಟ್ಟಿ ಬಿಚ್ಚಿದ ಮೇಲೆ, ಒಂದು ಬೆಳಿಗ್ಗೆ ನಾನು ಅವರ ಮನೆಗೆ ಹೋದೆ. ಕಸ್ತೂರಕ್ಕ ಕಪ್ಪು ಚಷ್ಮಾ ಹಾಕಿಕೊಂಡು ಅಂಗಳದ ಈ ತುದಿಯಲ್ಲಿ, ಕಟ್ಟೆಯ ಮೇಲೆ ಮಹಾರಾಣಿಯ ಹಾಗೆ ಕೂತಿದ್ದರು. ಮುಂಭಾಗದಲ್ಲಿ ಈರಣ್ಣನ ಮಗ್ಗಗಳು ಕಿವಿ ಒಡೆಯುವಂತೆ ಓಡುತ್ತಿದ್ದವು. ನಾವು ಮಾತಾಡುತ್ತಿದ್ದಂತೆ ಆ ತುದಿಯ ಬಚ್ಚಲ ಬಾಗಿಲು ತೆರೆಯಿತು. ಮಲ್ಲಪ್ಪಣ್ಣ ಧೋತರ ಸುತ್ತಿಕೊಂಡು ಬಂದು, ಬಾಗಿಲ ಚೌಕಟ್ಟಿಗೆ ಕೈಯೂರಿ ನಿಂತು, ಉಸಿರನ್ನು ಊದಿ ಇಳಿಸಿಕೊಂಡರು. ಆಮೇಲೆ ಹೆಂಡತಿಯ ಕಡೆ ನೋಡಿ, ಅಷ್ಟು ದೂರದಿಂದ, ಸದ್ದಿಲ್ಲದೆ ತುಟಿ ಆಡಿಸಿದರು.

ಕಸ್ತೂರಕ್ಕ ಚಷ್ಮಾವನ್ನು ಹಣೆಗೇರಿಸಿದರು. ಬೇಡ ಬೇಡ ಎಂದು ನಾನು ಕೈ ಮುಂದೆ ತಂದರೂ ಕೇಳಲಿಲ್ಲ. ಒಂದು ಗಳಿಗೆ ನೋಡಿದರು. ಮುಖವೆಲ್ಲ ನಗುವಾಯಿತು. ಅವರೂ ತುಟಿಯಲ್ಲೇ ಏನೋ ತಿರುಗಿ ಹೇಳಿದರು.

"ಏನಂದ್ರು ಅವರು?" ಎಂದು ಆಕೆಯ ಮುಖದೆದುರು ಬಾಗಿ ಕೇಳಿದೆ.

"ನಾನ ಜಳಕಾ ಮಾಡೇನಿ ನೋಡು ಅಂತಾರ್ರಿ."

"ನೀವೇನಂದ್ರಿ?"

"ಬಲಗಿವಿ ಹಿಂದ ಸಾಬಾಣದ ನೊರಿ ಹಂಗ ಐತಿ ಅಂದೆ."

ಅತ್ತ ಮಲ್ಲಪ್ಪಣ್ಣ ಕಿವಿಯ ಹಿಂದೆ ಬೆರಳಾಡಿಸಿ ನೋಡಿಕೊಂಡರು. ಆಮೇಲೆ ಯಾರನ್ನೂ ಕರೆಯದೆ, ಚರಿಗೆ ಎತ್ತಿಕೊಂಡು ಮತ್ತೆ ಬಚ್ಚಲಿಗೆ ಹೋದರು.